ಕುಂಕುಮ ಒರೆಸಿದ ಕತ್ತಿ

ನನ್ನ ಬಾಡಿಗೆ ಮನೆಗೆ ಮೊದಲ ಸಲ ಬಂದವರೆಲ್ಲ ಕೇಳೋದು ಒಂದೇ ಪ್ರಶ್ನೆ: “ಇದೇನ್ ಗುರೂ, ಗೋಡೆ ತುಂಬ ಕತ್ತಿ? ಯಾರ ಮೇಲಪ್ಪ ದ್ವೇಷ?” ಬೇರೆಯವರ ಮನೆಯಲ್ಲಿ ಟಿವಿ ಇರುವ ಜಾಗದಲ್ಲಿ ನಮ್ಮನೆಯಲ್ಲಿ ಒಂದು ಕಠಾರಿ, ಎರಡು ಕತ್ತಿ, ಒಂದು ಭರ್ಜಿಯ ಮೊನೆ ಇದ್ದವು. ಇದ್ದವು ಅಂದೆ, ಯಾಕಂದ್ರೆ ಈಗ ಅಲ್ಲೊಂದು ಮೊಳೆ ಖಾಲಿ ಇದೆ. ಆ ಖಾಲಿ ಮೊಳೆಯ ಕಥೆ ಹೇಳೋಕೆ ಈ ಬರಹ.

ನಮ್ಮೂರು ಅರಸೀಕೆರೆ ತಾಲ್ಲೂಕಿನದು. ತೆಂಗಿನ ತೋಟ, ಮಳೆ ಬಂದ ವರ್ಷ ಮಾತ್ರ ತುಂಬುವ ಕೆರೆ, ಏರಿಯ ಕೆಳಗೆ ಒಂದು ವೀರಗಲ್ಲು. ಇಷ್ಟೇ ನಮ್ಮೂರು. ನಮ್ಮನೆ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ತುಕ್ಕು ಹಿಡಿದ ಕತ್ತಿಯೊಂದಿತ್ತು. ಆಯುಧಪೂಜೆ ದಿನ ಅಜ್ಜ ಅದನ್ನು ಇಳಿಸಿ, ನೇಗಿಲು, ಮಚ್ಚು, ಕುಡುಗೋಲಿನ ಪಕ್ಕ ಇಟ್ಟು ಪೂಜೆ ಮಾಡೋರು. “ಯಾರ್ದಜ್ಜ ಇದು?” ಅಂತ ಕೇಳಿದ್ರೆ, “ನಮ್ ಹಿರೀಕ್ರುದು ಕಣ್ಲಾ” ಅನ್ನೋರು. ಯಾವ ಹಿರೀಕರು, ಯಾರ ಜೊತೆ ಕಾದಾಡಿದ್ದರು, ಗೆದ್ದರಾ ಸೋತರಾ? ಒಂದೂ ಗೊತ್ತಿಲ್ಲ. ಅಜ್ಜ ಹೋದ ಮೇಲೆ ಮನೆ ರಿಪೇರಿ ಮಾಡಿಸುವಾಗ ಯಾರೋ ಅದನ್ನು ಹಳೇ ಕಬ್ಬಿಣದ ಜೊತೆ ಗುಜರಿಗೆ ಹಾಕಿಬಿಟ್ಟರು. ನಾನಾಗ ಬಿಇ ಮೂರನೇ ಸೆಮಿಸ್ಟರ್‌ನಲ್ಲಿದ್ದೆ. ಸುದ್ದಿ ಕೇಳಿ ಹೊಟ್ಟೆ ಉರೀತು. ಆದರೆ ಅದು ಇದ್ದಷ್ಟು ದಿನ ನಾನೂ ಒಂದು ಸಲ ನೆಟ್ಟಗೆ ನೋಡಿರಲಿಲ್ಲ.

ಕೆಲಸಕ್ಕೆ ಸೇರಿ ಕೈಯಲ್ಲಿ ದುಡ್ಡಾಡಲು ಶುರುವಾದ ಮೇಲೆ ಆ ಕಳೆದುಹೋದ ಕತ್ತಿಯನ್ನು ಅಂಗಡಿ ಅಂಗಡಿಯಲ್ಲಿ ಹುಡುಕತೊಡಗಿದೆ ಅನ್ಸುತ್ತೆ. ಗೆಳೆಯರು ಬೈಕು, ಕ್ಯಾಮೆರಾ, ಶೂ ಅಂತ ಖರ್ಚು ಮಾಡ್ತಿದ್ದಾಗ ನಾನು ಹಳೇ ಸಾಮಾನಿನವರ ಹಿಂದೆ ಬಿದ್ದೆ. ಮೊದಲ ಕತ್ತಿ ಮಾರಿದವನು “ಸಾರ್, ಇದು ಹೊಯ್ಸಳರ ಕಾಲದ್ದು, ನಿಮ್ ಕಡೆದೇ” ಅಂದ. ಹಾಸನ ಜಿಲ್ಲೆಯವನಿಗೆ ಇದಕ್ಕಿಂತ ಒಳ್ಳೇ ಗಾಳ ಬೇಕಾ? ಚೌಕಾಸಿ ಕೂಡ ಮಾಡದೆ ಕೊಂಡೆ.

ಊರಿಗೆ ಹೋದಾಗ ಅದರ ಫೋಟೋ ಇಟ್ಕೊಂಡು, ಅರಸೀಕೆರೆಯಿಂದ ಜಾವಗಲ್ ಮೇಲೆ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಶಾಲೆಯ ಪ್ರವಾಸದಲ್ಲಿ ಪುಳಿಯೋಗರೆ ತಿಂದು ಬಂದ ಜಾಗ ಅದು. ಈ ಸಲ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ದೇವರನ್ನು ಬಿಟ್ಟು ಬರೀ ಆಯುಧ ನೋಡುತ್ತಾ ಸುತ್ತಿದೆ. ಕುದುರೆ ಸವಾರರ ಸಾಲು, ಶರಮಂಚದ ಮೇಲಿನ ಭೀಷ್ಮ, ಚಕ್ರವ್ಯೂಹದೊಳಗಿನ ಅಭಿಮನ್ಯು. ನೂರಾರು ಬಿಲ್ಲು, ಗದೆ, ಕತ್ತಿ. ಎಲ್ಲೂ ನನ್ನ ಕತ್ತಿಯಂಥದ್ದು ಕಾಣಲಿಲ್ಲ. ನನ್ನದಕ್ಕೆ ಬಾಗಿದ ಅಲಗು, ಹಿಡಿಯ ತುದಿಗೆ ಪುಟ್ಟ ತಟ್ಟೆ. ಅದು ಮೊಘಲರ ಕಾಲದಲ್ಲಿ ಹರಡಿದ ಮಾದರಿ ಅಂತ ಆಮೇಲೆ ಓದಿ ತಿಳ್ಕೊಂಡೆ. ಹಳೇಬೀಡಿನ ಮೇಲೆ, ಅಂದರೆ ಆಗಿನ ದೋರಸಮುದ್ರದ ಮೇಲೆ, ಮಲಿಕ್ ಕಾಫೂರ್ ದಂಡೆತ್ತಿ ಬಂದಿದ್ದು 1311ರಲ್ಲಿ. ನನ್ನ ‘ಹೊಯ್ಸಳರ ಕತ್ತಿ’ ಹುಟ್ಟುವ ಹೊತ್ತಿಗೆ ಹೊಯ್ಸಳರು ಮುಗಿದು ಶತಮಾನಗಳೇ ಆಗಿದ್ದವು.

ಮೋಸ ಹೋಗಿದ್ದಕ್ಕೆ ಬೇಜಾರಾಗಬೇಕಿತ್ತು. ಆದರೆ ಅವತ್ತು ಬೇರೇನೋ ಆಯ್ತು. ದೇವಸ್ಥಾನದ ಪಕ್ಕದಲ್ಲೇ ಒಂದು ಕಂಬ ಇದೆ. ಹೆಚ್ಚಿನವರು ಅದರ ಮುಂದೆ ನಿಲ್ಲೋದೇ ಇಲ್ಲ. ಅದು ಗರುಡಗಂಬ. ಗರುಡರು ಅಂದ್ರೆ ರಾಜನ ಜೊತೆಗೇ ಬದುಕಿ ಜೊತೆಗೇ ಸಾಯುತ್ತೇವೆ ಅಂತ ಭಾಷೆ ಕೊಟ್ಟ ಅಂಗರಕ್ಷಕರು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮ ಎಂಬ ದಂಡನಾಯಕ, ಅವನ ಹೆಂಡತಿ, ಜೊತೆಗಿದ್ದ ಗರುಡರು ಪ್ರಾಣ ಬಿಟ್ಟ ವಿಷಯ ಆ ಕಂಬದ ಹಳಗನ್ನಡ ಶಾಸನದಲ್ಲಿದೆ. ಕಂಬದ ಸುತ್ತ ಅವರ ಚಿತ್ರ ಇದೆ. ಕೈಯಲ್ಲಿ ಕತ್ತಿ ಹಿಡಿದ ವೀರರು ಅದನ್ನು ಎತ್ತಿರುವುದು ಶತ್ರುವಿನ ಮೇಲಲ್ಲ, ತಮ್ಮದೇ ತಲೆಯ ಮೇಲೆ.

ನಾನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಕತ್ತಿ ಅಂದ್ರೆ ಶೌರ್ಯ, ಗೆಲುವು ಅಂತ ತಲೆಯಲ್ಲಿದ್ದವನಿಗೆ ಇದನ್ನು ಎಲ್ಲಿ ಇಡೋದು ಅಂತ ತಿಳೀಲಿಲ್ಲ. ಇದು ನಿಷ್ಠೆಯಾ, ಹುಚ್ಚಾ? ಕೊಟ್ಟ ಮಾತಾ, ಬಿಡಿಸಿಕೊಳ್ಳಲಾಗದ ಕಟ್ಟಾ? ಹೆಂಡತಿ ತಾನಾಗೇ ಹೊರಟಳಾ, ಬೇರೆ ದಾರಿ ಇರಲಿಲ್ಲವಾ? ಅದೇ 1220ರ ಸುಮಾರಿಗೆ ನಮ್ಮ ಅರಸೀಕೆರೆಯಲ್ಲಿ ನಕ್ಷತ್ರದ ಆಕಾರದ ಮಂಟಪವಿರುವ ಈಶ್ವರ ದೇವಸ್ಥಾನ ಎದ್ದು ನಿಂತಿತ್ತು. ಅತ್ತ ಒಬ್ಬ ಭಾಷೆ ಉಳಿಸಿಕೊಳ್ಳಲು ತಲೆ ಕೊಡುತ್ತಿದ್ದ ಹೊತ್ತಲ್ಲಿ ಇತ್ತ ಇನ್ನೊಬ್ಬ ಕಲ್ಲಿನಲ್ಲಿ ನಕ್ಷತ್ರ ಕೆತ್ತುತ್ತಿದ್ದ. ಎರಡೂ ಒಂದೇ ನಾಡು, ಒಂದೇ ಕಾಲ. ಆ ದೇವಸ್ಥಾನದ ಪಕ್ಕದಲ್ಲೇ ಬಸ್ಸಿಗೆ ಕಾಯ್ತಾ ಬೆಳೆದವನು ನಾನು. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿಂದ ಚಟ ಬೇರೆ ದಾರಿ ಹಿಡೀತು. ಊರಿನ ವೀರಗಲ್ಲಿನ ಹತ್ರ ಹೋದೆ. ನಾವು ಚಿಕ್ಕವರಿದ್ದಾಗ ಅದರ ಮೇಲೆ ಹತ್ತಿ ಕೆರೆಗೆ ಹಾರುತ್ತಿದ್ದೆವು. ಮೂರು ಅಂತಸ್ತಿನ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಅಂತಸ್ತಲ್ಲಿ ಕತ್ತಿಯ ಪಕ್ಕ ಸವೆದುಹೋದ ಇನ್ನೇನೋ ಇತ್ತು. ಬೆರಳಾಡಿಸಿ ನೋಡಿದೆ. ದನಗಳು! ಕರ್ನಾಟಕದ ಎಷ್ಟೋ ವೀರಗಲ್ಲುಗಳ ಕಥೆ ಇದೇ, ತುರುಗೋಳ್. ಅಂದರೆ ಊರಿನ ದನ ಹೊಡ್ಕೊಂಡು ಹೋಗಲು ಬಂದವರನ್ನು ತಡೆಯುತ್ತಾ ಸತ್ತವನ ಕಲ್ಲು. ನಾನು ಸಾಮ್ರಾಜ್ಯಗಳ ಯುದ್ಧ ಹುಡುಕ್ತಿದ್ದೆ. ಕಲ್ಲು ಹೇಳ್ತಿದ್ದಿದ್ದು ನಾಲ್ಕು ಹಸು, ಒಂದು ಜೋಡಿ ಎತ್ತಿನ ಲೆಕ್ಕ. ಎತ್ತು ಹೋದರೆ ಉಳುಮೆ ಹೋಯ್ತು, ಉಳುಮೆ ಹೋದರೆ ಊರೇ ಹೋಯ್ತು. ರೈತರ ಮಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ, ಹಾಸನ ಜಿಲ್ಲೆಯ ಶಾಸನಗಳ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟ ಡೌನ್‌ಲೋಡ್ ಮಾಡಿದೆ. ತಾಲ್ಲೂಕಿಗೊಂದು ಸಂಕೇತ, ಶಾಸನಕ್ಕೊಂದು ನಂಬರ್. ನಮ್ಮ ಟಿಕೆಟ್ ಸಿಸ್ಟಮ್ ಥರಾನೇ. ಕತ್ತಿಯ ಕಬ್ಬಿಣ ಎಲ್ಲಿಂದ ಬಂತು ಅಂತ ಹುಡುಕಿದರೆ, ಒಂದು ಕಾಲಕ್ಕೆ ಯುರೋಪಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ‘ವೂಟ್ಸ್’ ಉಕ್ಕು ಸಿಕ್ಕಿತು. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕೂಡ ಅದರ ಮೇಲೆ ಪ್ರಯೋಗ ಮಾಡಿದ್ದ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕುಲುಮೆಗಳಲ್ಲಿ ಕಬ್ಬಿಣ, ಉಕ್ಕು ಮಾಡುವ ಬಗೆ ಬರೆದಿಟ್ಟ. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ವಿಗ್ರಹಗಳ ಕೆಳಗೆ ಕೆತ್ತಿದ್ದಾರೆ. ಕಲ್ಲು ಕೆತ್ತಿದವನ ಹೆಸರು ಒಂಬೈನೂರು ವರ್ಷ ಉಳಿದಿದೆ. ನನ್ನ ಗೋಡೆಯ ಕತ್ತಿಗಳನ್ನು ಬಡಿದ ಕಮ್ಮಾರರ ಹೆಸರು ಒಂದೂ ಇಲ್ಲ.

ನಾನು ಇಷ್ಟೆಲ್ಲ ಓದಿ ತಿಳ್ಕೊಂಡ ಬುದ್ಧಿವಂತ ಅಂತ ಹೆಮ್ಮೆಪಡುತ್ತಿದ್ದ ದಿನಗಳಲ್ಲೇ ಆ ಕತ್ತಿ ಬಂತು.

ಮಧ್ಯವರ್ತಿಯೊಬ್ಬ ಫೋನ್ ಮಾಡಿ “ಬೇಲೂರು ಕಡೇದು, ಅಸಲಿ ಮಾಲು” ಅಂದ. ಉದ್ದನೆಯ ನೇರ ಅಲಗು. ಹಿಡಿಗೆ ಕಾವಿ ಬಟ್ಟೆ ಸುತ್ತಿತ್ತು. ಅಲಗಿನ ಬುಡದಲ್ಲಿ ಎಣ್ಣೆ, ಕುಂಕುಮ, ವಿಭೂತಿ ಸೇರಿ ಗಟ್ಟಿಯಾಗಿ ಕೂತ ಒಂದು ಪದರ. 22 ಸಾವಿರ ಕೊಟ್ಟೆ. ಮನೆಗೆ ತಂದವನೇ ಫೋಟೋ ತೆಗೆದು, ಶನಿವಾರ ಇಡೀ ಕೂತು ಕ್ಲೀನ್ ಮಾಡಿದೆ. ಸೀಮೆಎಣ್ಣೆ, ಸ್ಯಾಂಡ್‌ಪೇಪರ್, ಹಳೇ ಟೂತ್‌ಬ್ರಶ್. ಕಾವಿ ಬಟ್ಟೆ ಬಿಚ್ಚಿ ಕಸಕ್ಕೆ ಹಾಕಿದೆ. ಸಂಜೆ ಹೊತ್ತಿಗೆ ಅಲಗು ಮಿರಮಿರ ಮಿಂಚುತ್ತಿತ್ತು.

ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನಿಗೆ ಮೊಬೈಲ್‌ನಲ್ಲಿ ಎರಡೂ ಫೋಟೋ ತೋರಿಸಿದೆ, ‘ಮುಂಚೆ ಹೆಂಗಿತ್ತು, ಈಗ ಹೆಂಗಾಗಿದೆ’ ಅಂತ. ಅಮ್ಮ ಎರಡನೇದನ್ನು ನೋಡಲೇ ಇಲ್ಲ. ಮೊದಲನೇದನ್ನೇ ನೋಡುತ್ತಾ, “ಇದು ವೀರಭದ್ರನ ಕತ್ತಿ ಕಣೋ. ಯಾರ್ದೋ ದೇವ್ರ್ ಮನೇದು. ನಿನ್ ಕೈಗೆ ಹೆಂಗ್ ಬಂತು?” ಅಂದಳು. ನಮ್ಮ ಕಡೆ ವೀರಗಾಸೆ ಕುಣಿಯೋರು ಕೈಯಲ್ಲಿ ಕತ್ತಿ ಹಿಡಿದು, ಒಡಪು ಹೇಳುತ್ತಾ, ದಕ್ಷಯಜ್ಞದ ಕಥೆ ಕುಣಿದು ತೋರಿಸುವುದನ್ನು ನೀವೂ ದಸರಾ ಮೆರವಣಿಗೆಯಲ್ಲಿ ನೋಡಿರುತ್ತೀರಿ. “ದುಡ್ಡು ಕೊಟ್ಟು ತಗೊಂಡಿದ್ದಮ್ಮ” ಅಂದೆ. “ದುಡ್ಡು ಕೊಟ್ರೆ ನಿಂದಾಗುತ್ತಾ?” ಅಂದು ಒಳಗೆ ಹೋದಳು.

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ರೆಡಿ ಇತ್ತು. ಆಗುತ್ತೆ. ಮಾರುವವನಿದ್ದ, ಕೊಳ್ಳುವವನಿದ್ದ, ಇಬ್ಬರೂ ಒಪ್ಪಿದ್ದರು. ನಾನು ಕೊಳ್ಳದಿದ್ದರೆ ಅದು ಗುಜರಿಗೋ, ಯಾವುದೋ ರೆಸಾರ್ಟಿನ ಗೋಡೆಗೋ ಹೋಗುತ್ತಿತ್ತು. ನಮ್ಮಜ್ಜನ ಕತ್ತಿಗೆ ಆದ ಗತಿ ನೋಡಿದವನು ನಾನು. ಸಂಗ್ರಹ ಮಾಡುವವರು ಇಲ್ಲದಿದ್ದರೆ ಎಷ್ಟೋ ವಸ್ತು ಉಳಿಯುತ್ತಲೇ ಇರಲಿಲ್ಲ ಅನ್ನೋದು ಸುಳ್ಳಲ್ಲ. ಆದರೆ ಅದೇ ರಾತ್ರಿ ಇನ್ನೊಂದು ಮಾತೂ ಸುಳ್ಳಲ್ಲ ಅನ್ನಿಸ್ತು. ಆ ಕತ್ತಿ ಯಾರದು, ಯಾವ ಊರಿನದು, ಏನಕ್ಕೆ ಬಳಸುತ್ತಿದ್ದರು ಅಂತ ಹೇಳುತ್ತಿದ್ದಿದ್ದು ಆ ಕುಂಕುಮದ ಪದರ, ಆ ಕಾವಿ ಬಟ್ಟೆ. ಅದನ್ನೇ ನಾನು ಸೀಮೆಎಣ್ಣೆ ಹಾಕಿ ತೊಳೆದಿದ್ದೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಇಟ್ಕೊಂಡು ಇಡೀ ಕಮಿಟ್ ಹಿಸ್ಟರಿ ಡಿಲೀಟ್ ಮಾಡಿದ್ದೆ. ಉಳಿಸಿದವನೂ ನಾನೇ, ಅಳಿಸಿದವನೂ ನಾನೇ.

ಕಾನೂನಿಗೆ ಇಷ್ಟೆಲ್ಲ ಗೋಜಲಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಮುಖ್ಯವಾಗಿ ವಯಸ್ಸು ಕೇಳುತ್ತೆ: ನೂರು ವರ್ಷ ದಾಟಿದೆಯಾ? ದಾಟಿದ್ದರೆ ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸೋ ಹಾಗಿಲ್ಲ. ಒಳ್ಳೇ ಕಾನೂನು. ಆದರೆ ‘ಇದನ್ನು ಕಳಕೊಂಡವರು ಯಾರು?’ ಅನ್ನೋ ಪ್ರಶ್ನೆಯನ್ನು ನಾವೇ ಕೇಳ್ಕೋಬೇಕು.

ಮಾರುಕಟ್ಟೆಯೇನು ಇತಿಹಾಸ ಕೇಳಲ್ಲ ಅಂತಲ್ಲ, ಚೆನ್ನಾಗೇ ಕೇಳುತ್ತೆ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ್ದು ಎನ್ನಲಾದ ಕತ್ತಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯ್ತು, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿ ಮೇಲೆ. ಅದಕ್ಕೆ ಆ ಬೆಲೆ ಬಂದಿದ್ದು ಉಕ್ಕಿನಿಂದಷ್ಟೇ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಡೇವಿಡ್ ಬೇರ್ಡ್ ಎಂಬ ಸೇನಾಧಿಕಾರಿಗೆ ಕೊಟ್ಟರು ಅನ್ನೋ ಚರಿತ್ರೆ ಅದರ ಜೊತೆಗಿದೆ. ಅಂದರೆ ಲೂಟಿಯ ದಾಖಲೆಯೇ ಅದರ ಸರ್ಟಿಫಿಕೇಟ್. ಇನ್ನೊಂದು ಕಡೆ, 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಳೇ ಬಾವಿಯ ಕೆಸರಿನಿಂದ ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ನೋಡೋಕೆ ಏನೂ ಚೆಂದ ಇಲ್ಲ. ಆದರೆ ಎಲ್ಲಿ ಸಿಕ್ಕವು, ಎಷ್ಟು ಒಟ್ಟಿಗಿದ್ದವು ಅನ್ನೋದೆಲ್ಲ ಗೊತ್ತಿರುವುದರಿಂದ ಆ ರಾಶಿ ಮಾತಾಡುತ್ತೆ. ಅದೇ ಕೊಳವೆಗಳು ಒಂದೊಂದಾಗಿ ನನ್ನಂಥವರ ಗೋಡೆ ಸೇರಿದ್ದರೆ ಸಾವಿರ ಮನೆಗಳಲ್ಲಿ ಸಾವಿರ ಮೂಕ ಕಬ್ಬಿಣ ಇರುತ್ತಿತ್ತು, ಅಷ್ಟೇ.

ಮಧ್ಯವರ್ತಿಯನ್ನು ತಿಂಗಳುಗಟ್ಟಲೆ ಪೀಡಿಸಿ ಊರ ಹೆಸರು ಬಾಯಿ ಬಿಡಿಸಿದೆ. ಬೇಲೂರಿನಿಂದ ಒಳಗೆ, ಬಸ್ಸಿಳಿದು ನಡೆಯಬೇಕಾದ ಊರು. ಹೆಗಲ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಕತ್ತಿ. ಮನೆ ಸಿಕ್ಕಿತು. ಅಯ್ಯನೋರು ಜಗಲಿ ಮೇಲೆ ಕೂತಿದ್ದರು. ಅರವತ್ತು ದಾಟಿದ ವಯಸ್ಸು, ಮಂಡಿ ನೋವು, ಕುಣಿಯೋದು ಬಿಟ್ಟು ಕೆಲವು ವರ್ಷ ಆಗಿತ್ತು. ಬಟ್ಟೆ ಬಿಚ್ಚಿದ ತಕ್ಷಣ ಗುರುತು ಹಿಡಿದರು. ಮಾತಾಡಲಿಲ್ಲ. ಹಿಡಿಯನ್ನು ಎರಡು ಸಲ ಮುಟ್ಟಿ ನೋಡಿದರು.

“ಮಗಳ ಕಾಲೇಜ್ ಫೀಸ್ ಕಟ್ಟಬೇಕಿತ್ತು ಕಣಪ್ಪಾ,” ಅಂದರು ಆಮೇಲೆ, ನಾನು ಕೇಳದಿದ್ದರೂ. “ಆರ್ ಸಾವ್ರ ಕೊಟ್ಟ. ಊರಲ್ಲಿ ಈಗ್ಲೂ ಆಡ್ಕೋತಾರೆ, ಸ್ವಾಮಿ ಕತ್ತಿ ಮಾರ್ಕೊಂಡ ಅಂತ.”

ಆರು ಸಾವಿರ! ನಾನು ಕೊಟ್ಟಿದ್ದು 22. ನಡುವಿನ ಹದಿನಾರು ಸಾವಿರ ಮಾತ್ರ ಅಲ್ಲ, ನಡುವೆ ಎಷ್ಟೋ ಕಳೆದುಹೋಗಿತ್ತು. “ಅಯ್ನೋರೇ, ಇದು ನಿಮ್ದೇ. ದುಡ್ಡು ಬೇಡ, ಇಟ್ಕೊಳ್ಳಿ” ಅಂದೆ. ಹೇಳುವಾಗ ಒಳಗೊಳಗೇ ಒಂಥರಾ ಖುಷಿ ಇತ್ತು, ಒಪ್ಕೋತೀನಿ. ಸಿನಿಮಾದ ಕೊನೇ ದೃಶ್ಯದಲ್ಲಿ ಇದ್ದೀನಿ ಅನ್ನಿಸಿತ್ತು.

ಅವರು ಕತ್ತಿಯನ್ನು ಜಗಲಿ ಮೇಲೆ ನನ್ನ ಕಡೆಗೇ ಸರಿಸಿದರು. “ಬಿಟ್ಟಿ ತಗೊಂಡ್ರೆ ದಾನ ಆಗುತ್ತಪ್ಪಾ. ದಾನದ ಕತ್ತಿ ಹಿಡ್ಕೊಂಡು ನಾನು ಸ್ವಾಮಿ ಮುಂದೆ ನಿಂತ್ಕಳ್ಳಾಕಾಗಲ್ಲ. ಮಾರಿದ್ದು ನಾನೇ. ನೀನೇನ್ ಕದ್ದಿದ್ಯಾ?”

ನನ್ನ ಔದಾರ್ಯ ಠುಸ್ ಅಂತು. ಯೋಚನೆ ಮಾಡಿ ನೋಡಿ. ಕೊಂಡಾಗ ನಾನು ಅವರನ್ನು ಕೇಳಿರಲಿಲ್ಲ. ಈಗ ವಾಪಸ್ ಕೊಡುವಾಗಲೂ ಕೇಳಿರಲಿಲ್ಲ, ನಾನೇ ತೀರ್ಮಾನ ಮಾಡಿ ಹೊತ್ತು ತಂದಿದ್ದೆ. ಎರಡೂ ಸಲ ಕತ್ತಿ ಅವರದು, ಕಥೆ ನನ್ನದು.

ಸುಮಾರು ಹೊತ್ತು ಮಾತಾಡಿದೆವು. ಕೊನೆಗೆ ಅವರೇ ದಾರಿ ಹೇಳಿದರು. ಮಾರಿದ್ದನ್ನು ಅಡವು ಅಂತ ತಿಳ್ಕೊಳ್ಳೋದು. ಆರು ಸಾವಿರ ಅಸಲು. ಅವರ ಕೈಲಾದಾಗ ಕೈಲಾದಷ್ಟು ಕೊಡೋದು. ಕತ್ತಿ ಮಾತ್ರ ಅವತ್ತಿಂದಲೇ ಅವರ ದೇವರ ಮನೆಯಲ್ಲಿ. “ಬಡ್ಡಿ?” ಅಂತ ಅವರೇ ನಕ್ಕು ಕೇಳಿದರು. “ವರ್ಷಕ್ಕೊಂದ್ಸಲ ಬಂದು ಊಟ ಮಾಡ್ತೀನಿ” ಅಂದೆ. ಒಪ್ಪಿದರು. ಮಿಕ್ಕ ಹದಿನಾರು ಸಾವಿರ ನನ್ನ ಟ್ಯೂಷನ್ ಫೀಸು.

ಏಳುವ ಮುಂಚೆ ನನ್ನ ತಪ್ಪನ್ನೂ ಹೇಳಿಕೊಂಡೆ. ಹಳೇ ಕುಂಕುಮ, ಎಣ್ಣೆ ಎಲ್ಲ ಉಜ್ಜಿ ತೆಗೆದುಬಿಟ್ಟೆ, ಎಷ್ಟು ತಲೆಮಾರಿನದ್ದೋ ಏನೋ, ದೊಡ್ಡ ತಪ್ಪಾಯ್ತು ಅಂದೆ. ಅವರಿಗೆ ನನ್ನ ಸಂಕಟವೇ ಅರ್ಥ ಆಗಲಿಲ್ಲ. “ಅಯ್ಯೋ, ಅದುಕ್ಯಾಕಪ್ಪಾ? ಹೋದ್ರೆ ಹೋಯ್ತು, ಮತ್ತೆ ಹಚ್ಚುದ್ರಾಯ್ತು” ಅಂದು ಒಳಗೆ ಹೋಗಿ ಕುಂಕುಮದ ಭರಣಿ ತಂದರು.

ಬೆಂಗಳೂರಿಗೆ ಬರುವ ರೈಲಿನಲ್ಲಿ ಆ ಮಾತನ್ನೇ ತಿರುವಿ ಹಾಕ್ತಿದ್ದೆ. ನನಗೆ ಅದು ಮತ್ತೆ ಬಾರದ ಪದರ, ದಾಖಲೆ. ಅವರಿಗೆ ನಾಳೆಯೂ ಮಾಡುವ ಕೆಲಸ. ಹಚ್ಚುವ ಕೈ ಇದ್ದಲ್ಲಿ ಒರೆಸಿದ ಕುಂಕುಮ ಮತ್ತೆ ಬರುತ್ತೆ. ಕೈಯೇ ಇಲ್ಲದಲ್ಲಿ, ಆ ಗರುಡಗಂಬದ ಹಾಗೆ, ಉಳಿದ ಅಕ್ಷರವೇ ಗತಿ, ಅದನ್ನು ಉಜ್ಜಬಾರದು. ಯಾವುದು ಯಾವ ಜಾತಿಯ ವಸ್ತು ಅಂತ ಕೊಳ್ಳುವ ಮುಂಚೆ ಕೇಳೋದು ಸಂಗ್ರಹ ಮಾಡುವವನ ಮೊದಲ ಧರ್ಮ ಅನ್ಸುತ್ತೆ. ‘ಎಷ್ಟು ಹಳೇದು, ಎಷ್ಟು ಬೆಲೆ’ ಆಮೇಲೆ. ‘ಯಾರದು, ಅವರು ಈಗ ಎಲ್ಲಿದ್ದಾರೆ’ ಮೊದಲು.

ಒಂದು ಅನುಮಾನ ಇನ್ನೂ ಇದೆ, ಮುಚ್ಚಿಡಲ್ಲ. ಅವರ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಾನೆ, ವೀರಗಾಸೆ ಕಲಿತಿಲ್ಲ. ನಾಳೆ ಅವನು ಆ ಕತ್ತಿಯನ್ನು ಮತ್ತೆ ಮಾರಿದರೆ? ಮಾರಬಹುದು. ಅವತ್ತು ನನಗೆ ಹೊಟ್ಟೆ ಉರಿಯುತ್ತೆ. ಆದರೆ ತಡೆಯುವ ಹಕ್ಕು ನನಗಿಲ್ಲ. ಗೋಡೆಯ ಮೇಲೆ ಉಳಿದವಕ್ಕೆ ವಾಪಸ್ ಕೊಡೋಕೆ ಯಾರೂ ಸಿಕ್ಕಿಲ್ಲ. ಪ್ರತಿಯೊಂದಕ್ಕೂ ಒಂದು ಪುಸ್ತಕದಲ್ಲಿ ಯಾವತ್ತು, ಯಾರಿಂದ, ಏನು ಹೇಳಿ ಕೊಟ್ಟರು, ಅದರಲ್ಲಿ ಸುಳ್ಳೆಷ್ಟು ಅಂತ ಬರೆದಿಟ್ಟಿದ್ದೀನಿ. ಒಂದಕ್ಕೂ ಸ್ಯಾಂಡ್‌ಪೇಪರ್ ಮುಟ್ಟಿಸಿಲ್ಲ.

ಕಳೆದ ಸಲ ಊಟಕ್ಕೆ ಹೋದಾಗ ಅಯ್ಯನೋರು ಐನೂರು ರೂಪಾಯಿ ಕೊಟ್ಟರು. ಎಣಿಸಿ ಜೇಬಿಗೆ ಇಟ್ಕೊಂಡೆ. ಬೇಡ ಅನ್ನಲಿಲ್ಲ. ದೇವರ ಮನೆಯಲ್ಲಿ ಕತ್ತಿಯ ಬುಡ ಕೆಂಪಾಗಿತ್ತು.